ಪರದೇಶದಿಂದ ಬಂದ ಇ-ರೀಡರ್ ಕೈಕೊಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವ ಕೈಪಿಡಿ

ಅಕ್ಕ ನ್ಯೂಜೆರ್ಸಿಯಿಂದ ಬರುವಾಗ ಅಪ್ಪನಿಗೆ ಒಂದು ಇ-ರೀಡರ್, ಅಂದರೆ ಪುಸ್ತಕ ಓದಲೆಂದೇ ಮಾಡಿದ ಎಲೆಕ್ಟ್ರಾನಿಕ್ ಹಲಗೆ, ತಂದಳು. ಅಪ್ಪನಿಗೆ ಓದೋದು ಅಂದರೆ ಪ್ರಾಣ. ಆದರೆ ಸಣ್ಣ ಅಕ್ಷರ ಈಗ ಕಾಣೋದಿಲ್ಲ. ಅಕ್ಷರ ಎಷ್ಟು ಬೇಕಾದರೂ ದೊಡ್ಡದು ಮಾಡಿಕೊಳ್ಳಬಹುದು ಅಂತ ತೋರಿಸಿದಾಗ ಅವರ ಮುಖ ಅರಳಿತು. ಸಾಗರದ ಮನೆಯಲ್ಲಿ ಅದನ್ನು ಆನ್ ಮಾಡಿದೆವು. ವೈ-ಫೈ ಸಿಗಲೇ ಇಲ್ಲ.

"ಏನೋ ಇದು, ಪಕ್ಕದ ಮನೆಯವರ ಹೆಸರು ಬರ್ತಿದೆ, ನಮ್ಮದೇ ಬರ್ತಿಲ್ವಲ್ಲೋ" ಅಂದರು ಅಪ್ಪ. ನಿಜ. ಪಟ್ಟಿಯಲ್ಲಿ ಅಕ್ಕಪಕ್ಕದ ಮೂರು ಮನೆಗಳ ವೈ-ಫೈ ಇತ್ತು. ನಮ್ಮದು ಇರಲಿಲ್ಲ. ಅದೇ ಕೋಣೆಯಲ್ಲಿ ಎಲ್ಲರ ಫೋನಿಗೂ ನಮ್ಮ ವೈ-ಫೈ ಚೆನ್ನಾಗಿ ಸಿಗುತ್ತಿತ್ತು. ಪೇಟೆಯ ರಿಪೇರಿ ಅಂಗಡಿಯಲ್ಲಿ ತೋರಿಸಿದರೆ "ವೈ-ಫೈ ಚಿಪ್ ಹೋಗಿದೆ, ಬೋರ್ಡ್ ಬದಲಾಯಿಸಬೇಕು" ಅಂದರು. ಅಪ್ಪ ಅದನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಟ್ಟುಬಿಟ್ಟರು. ಆರು ತಿಂಗಳು ಅಲ್ಲೇ ಇತ್ತು.

ಚಿಪ್‌ಗೆ ಏನೂ ಆಗಿರಲಿಲ್ಲ. ರೌಟರ್‌ನಲ್ಲಿ ಒಂದು ಅಂಕಿ ಬದಲಾಯಿಸಿದ್ದಕ್ಕೆ ಸರಿಹೋಯಿತು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಆಮೇಲೆ ನೆಂಟರು, ಗೆಳೆಯರು ತಂದುಕೊಟ್ಟ ಎಷ್ಟೋ ರೀಡರ್‌ಗಳನ್ನು ನೋಡಿದೆ. ಅಮೆರಿಕದಿಂದ ಬಂದವು, ದುಬೈಯಿಂದ ಬಂದವು, ಇಲ್ಲಿ ಕೊಂಡು ಜರ್ಮನಿಗೆ ಹೋದವು. ನಿಜಕ್ಕೂ ಕೆಟ್ಟಿದ್ದು ಬಹಳ ಕಡಿಮೆ. ದೇಶ ಬದಲಾದಾಗ ಯಂತ್ರ ಕೆಡೋದಿಲ್ಲ. ಅದರ ಸುತ್ತ ಇರುವ ವೈ-ಫೈ, ಖಾತೆ, ಕಾರ್ಡು, ಪುಸ್ತಕದ ಹಕ್ಕು ಇವು ಬದಲಾಗುತ್ತವೆ. ಹಾಗಾಗಿ ರೀಡರ್ ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಮೊದಲು ಕಂಡುಹಿಡಿಯಬೇಕು. ಕರೆಂಟು, ಪರದೆ, ವೈ-ಫೈ, ಖಾತೆ, ಪುಸ್ತಕ, ಕೊನೆಗೆ ಅಕ್ಷರ. ಈ ಸಾಲಿನಲ್ಲೇ ನೋಡಿ.

ರೀಸೆಟ್‌ಗೆ ಕೈ ಹಾಕುವ ಮೊದಲು

ಏನಾದರೂ ಆದ ತಕ್ಷಣ ಫ್ಯಾಕ್ಟರಿ ರೀಸೆಟ್ ಮಾಡುವ ಅಭ್ಯಾಸ ಫೋನಿನಿಂದ ಬಂದಿದೆ. ದಯವಿಟ್ಟು ಮಾಡಬೇಡಿ. ಕೇಬಲ್ ಹಾಕಿ ತುಂಬಿಸಿದ ಪುಸ್ತಕಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ರೀಸೆಟ್ ಆದ ಮೇಲೆ ಮತ್ತೆ ಖಾತೆಗೆ ಲಾಗಿನ್ ಆಗಬೇಕು. ಅದಕ್ಕೆ ವೈ-ಫೈ ಬೇಕು. ವೈ-ಫೈಯೇ ತೊಂದರೆ ಇದ್ದರೆ ಕೈಯಲ್ಲಿರೋದು ಏನೂ ಓದಲಾಗದ ಹಲಗೆ. ಮೊದಲು ಬರೀ ರೀಸ್ಟಾರ್ಟ್ ಮಾಡಿ. ಅಮೆಜಾನ್ ಕಂಪನಿಯ ಕಿಂಡಲ್ ರೀಡರ್ ಆದರೆ ಪವರ್ ಬಟನ್ ಒತ್ತಿ 40 ಸೆಕೆಂಡ್ ಹಿಡಿದುಕೊಳ್ಳಿ. ಹತ್ತು ಸೆಕೆಂಡಿಗೇ ಪರದೆ ಮಿನುಗಿದರೂ ಕೈ ತೆಗೆಯಬೇಡಿ. ಇದರಿಂದ ಪುಸ್ತಕ ಹೋಗೋದಿಲ್ಲ.

ಆನ್ ಆಗುತ್ತಿಲ್ಲ, ಚಾರ್ಜ್ ಏರುತ್ತಿಲ್ಲ

ಅಮೆರಿಕದಲ್ಲಿ 120 ವೋಲ್ಟ್, ನಮ್ಮಲ್ಲಿ 230 ವೋಲ್ಟ್, ಸುಟ್ಟುಹೋಗುತ್ತಾ ಅಂತ ಎಷ್ಟೋ ಜನ ಹೆದರುತ್ತಾರೆ. ರೀಡರ್‌ಗೆ ಬೇಕಾಗಿರೋದು ಯುಎಸ್‌ಬಿಯ 5 ವೋಲ್ಟ್ ಮಾತ್ರ. ಮನೆಯಲ್ಲಿರುವ ಫೋನ್ ಚಾರ್ಜರ್ ಸಾಕು. ಬೇರೆ ದೇಶದ ಚಾರ್ಜರನ್ನೇ ಬಳಸುವುದಾದರೆ ಅದರ ಮೇಲೆ 100–240 ವೋಲ್ಟ್ ಅಂತ ಬರೆದಿದೆಯಾ ನೋಡಿ. ಇದ್ದರೆ ಪಿನ್ ಹೊಂದಿಸುವ ಅಡಾಪ್ಟರ್ ಒಂದೇ ಸಾಕು.

ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದ ರೀಡರ್ ಚಾರ್ಜ್‌ಗೆ ಹಾಕಿದ ತಕ್ಷಣ ಏನೂ ತೋರಿಸದೆ ಇರಬಹುದು. ಬ್ಯಾಟರಿ ಪೂರ್ತಿ ಬತ್ತಿದೆ ಅಷ್ಟೆ. ಮೂರು ನಾಲ್ಕು ಗಂಟೆ ಸುಮ್ನೆ ಬಿಡಿ, ಆಮೇಲೆ 40 ಸೆಕೆಂಡಿನ ರೀಸ್ಟಾರ್ಟ್ ಮಾಡಿ. ಆಗಲೂ ಎದ್ದೇಳದಿದ್ದರೆ ಕೇಬಲ್ ಬದಲಾಯಿಸಿ. ಚಾರ್ಜ್ ಆಗುತ್ತದೆ ಆದರೆ ಕಂಪ್ಯೂಟರ್‌ಗೆ ಹಾಕಿದರೆ ಕಾಣುತ್ತಿಲ್ಲ ಅನ್ನುವ ದೂರಿಗೂ ಕೇಬಲ್ಲೇ ಕಾರಣ ಇರಬಹುದು. ಎಷ್ಟೋ ಅಗ್ಗದ ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಇರುತ್ತದೆ, ಡೇಟಾದ ತಂತಿ ಇರೋದಿಲ್ಲ.

ಪರದೆ: ನಿಂತಿದೆಯಾ, ಒಡೆದಿದೆಯಾ?

ರೀಡರ್‌ಗಳಲ್ಲಿರುವ, ಕಾಗದದ ಹಾಗೆ ಕಾಣುವ ಇ-ಇಂಕ್ ಪರದೆಗೆ ಒಂದು ಪುಟವನ್ನು ಹಿಡಿದು ನಿಲ್ಲಿಸಲು ಕರೆಂಟು ಬೇಡ. ಪುಟ ಬದಲಾಗುವಾಗ ಮಾತ್ರ ಬೇಕು. ಹಾಗಾಗಿ ಬ್ಯಾಟರಿ ಪೂರ್ತಿ ಹೋದ ರೀಡರ್ ಕೂಡ ಚಂದದ ಚಿತ್ರ ತೋರಿಸುತ್ತಾ ಕೂತಿರುತ್ತದೆ. ಚಿತ್ರ ಕಾಣುತ್ತಿದೆ ಅಂದ ಮಾತ್ರಕ್ಕೆ ಅದು ಆನ್ ಇದೆ ಅಂತ ಅಲ್ಲ.

ಸೂಟ್‌ಕೇಸಿನಲ್ಲಿ ಬಂದ ರೀಡರ್‌ಗೆ ನಿಜವಾಗಿ ಪೆಟ್ಟಾಗುವ ಜಾಗ ಇದೇ. ಸಾಮಾನ್ಯ ಇ-ಇಂಕ್ ಪರದೆಯ ಒಳಗೆ ತೆಳುವಾದ ಗಾಜಿನ ಪದರ ಇರುತ್ತದೆ. ಮೇಲಿನ ಹೊದಿಕೆಗೆ ಒಂದು ಗೀರೂ ಬೀಳದೆ ಒಳಗಿನ ಗಾಜು ಸೀಳಬಹುದು. ಕೈಯಲ್ಲಿ ಸವರಿದರೆ ನುಣ್ಣಗೇ ಇರುತ್ತದೆ. ಪುಟ ತಿರುಗಿಸಿ ನೋಡಿ. ಪರದೆಯ ಒಂದು ಭಾಗ ಬದಲಾಗಿ, ಇನ್ನೊಂದು ಭಾಗದಲ್ಲಿ ಹಳೇ ಚಿತ್ರದ ಚೂರು ಹಾಗೇ ಉಳಿದರೆ, ಒಂದು ಬಿಂದುವಿನಿಂದ ಗೆರೆಗಳು ಹರಡಿದ್ದರೆ, ಅದು ಒಡೆದಿದೆ. ಯಾವ ರೀಸೆಟ್ಟೂ ಅದನ್ನು ಸರಿ ಮಾಡೋದಿಲ್ಲ. ಇಡೀ ಪರದೆ ಒಂದೇ ಚಿತ್ರದಲ್ಲಿ ಸ್ವಚ್ಛವಾಗಿ ನಿಂತಿದ್ದರೆ ಅದು ಬರೀ ಹ್ಯಾಂಗ್, ರೀಸ್ಟಾರ್ಟ್‌ಗೆ ಸರಿಹೋಗುತ್ತದೆ. ಹಿಂದಿನ ಪುಟದ ಅಕ್ಷರ ನೆರಳಿನ ಹಾಗೆ ಕಂಡರೆ ದೋಷವೇ ಅಲ್ಲ. ಕೆನಡಾದ ಚಳಿಯಲ್ಲಿ ಬಸ್ಸಿಗೆ ಕಾಯುತ್ತಾ ಓದುವವರಿಗೆ ಈ ನೆರಳು ಜಾಸ್ತಿ ಕಾಣುತ್ತದೆ, ಯಾಕಂದರೆ ಥಂಡಿಯಲ್ಲಿ ಇ-ಇಂಕ್ ನಿಧಾನವಾಗುತ್ತದೆ. ಬೆಚ್ಚಗಿನ ಕಡೆ ಬಂದರೆ ಸರಿ.

ರೀಡರನ್ನು ಯಾವತ್ತೂ ಕೈಚೀಲದಲ್ಲಿ ತನ್ನಿ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಡಬ್ಬಿಯ ಕೆಳಗೆ ಇಡಬೇಡಿ.

ವೈ-ಫೈ: ಹೆಸರೇ ಕಾಣದಿದ್ದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಯಂತ್ರವನ್ನು ಸುಮ್ಮನೆ ದೂರೋದು ಇಲ್ಲೇ ಜಾಸ್ತಿ.

ಮೊದಲ ಪ್ರಶ್ನೆ: ನಿಮ್ಮ ವೈ-ಫೈ ಹೆಸರು ಪಟ್ಟಿಯಲ್ಲಿ ಬರುತ್ತಿದೆಯಾ, ಇಲ್ವಾ? ಬಂದು ಕನೆಕ್ಟ್ ಆಗದಿರೋದು ಒಂದು ರೋಗ. ಬರದೇ ಇರೋದು ಇನ್ನೊಂದು. ಎರಡಕ್ಕೂ ಔಷಧಿ ಬೇರೆ.

ಹೆಸರೇ ಬರದಿದ್ದರೆ, ಬೇರೆಯವರ ವೈ-ಫೈ ಹೆಸರು ಬರುತ್ತಿದೆಯಾ ನೋಡಿ. ಒಂದಾದರೂ ಬಂದರೆ ಚಿಪ್ ಬದುಕಿದೆ ಅಂತ ಅರ್ಥ. ಅಪ್ಪನ ರೀಡರ್‌ನಲ್ಲಿ ಆಗಿದ್ದು ಇದೇ. ಅಂಗಡಿಯಲ್ಲಿ ಈ ಒಂದು ಪ್ರಶ್ನೆ ಕೇಳಿದ್ದರೆ ಆರು ತಿಂಗಳು ಉಳಿಯುತ್ತಿತ್ತು.

ಕಾರಣ ಹೀಗಿದೆ. 2.4 ಗಿಗಾಹರ್ಟ್ಸ್ ವೈ-ಫೈಯಲ್ಲಿ ರಸ್ತೆಯ ಲೇನ್‌ಗಳ ಹಾಗೆ ಚಾನೆಲ್‌ಗಳಿವೆ. ಭಾರತದಲ್ಲಿ, ಯುರೋಪಿನಲ್ಲಿ 1ರಿಂದ 13ರವರೆಗೆ ಬಳಸುತ್ತಾರೆ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಉಪಕರಣಗಳು ಸಾಮಾನ್ಯವಾಗಿ 1ರಿಂದ 11ರವರೆಗೆ ಮಾತ್ರ ಕೇಳಿಸಿಕೊಳ್ಳುತ್ತವೆ. ಇಲ್ಲಿನ ರೌಟರ್ ಚಾನೆಲ್ ಆಯ್ಕೆ "ಆಟೋ" ಇದ್ದಾಗ, ಅಕ್ಕಪಕ್ಕದ ಗದ್ದಲ ತಪ್ಪಿಸಿಕೊಳ್ಳಲು 12 ಅಥವಾ 13ಕ್ಕೆ ಹೋಗಿ ಕೂರಬಹುದು. ಇಲ್ಲಿ ಕೊಂಡ ಫೋನಿಗೆ ಅದು ಕೇಳಿಸುತ್ತದೆ. ಅಮೆರಿಕದ ರೀಡರ್‌ಗೆ ಆ ಲೇನ್ ಇದೆ ಅನ್ನೋದೇ ಗೊತ್ತಿಲ್ಲ. ಕೆಲವೊಮ್ಮೆ ಕರೆಂಟು ಹೋಗಿ ಬಂದ ಮೇಲೆ ರೌಟರ್ ಬೇರೆ ಚಾನೆಲ್ ಹಿಡಿದು ರೀಡರ್ ತಾನಾಗೇ ಸರಿಹೋಗುತ್ತದೆ. ಎರಡು ದಿನ ಬಿಟ್ಟು ಮತ್ತೆ ಕೆಡುತ್ತದೆ. ಹೀಗೆ ಬಂದು ಹೋಗುವ ದೋಷ ಇದ್ದರೆ ನನ್ನ ಮೊದಲ ಅನುಮಾನ ಚಾನೆಲ್ ಮೇಲೆಯೇ.

ಪರೀಕ್ಷೆ ಮಾಡೋದು ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ವೈ-ಫೈ ಅನಲೈಸರ್ ಆಪ್ ಹಾಕಿದರೆ ಪ್ರತಿ ವೈ-ಫೈ ಹೆಸರಿನ ಪಕ್ಕ ಚಾನೆಲ್ ಅಂಕಿ ತೋರಿಸುತ್ತದೆ. ನಮ್ಮ ಮನೆಯದ್ದು 13 ಅಂತ ಇತ್ತು. ಪಕ್ಕದ ಮನೆಗಳದ್ದು 1, 6, 6. ಬ್ರೌಸರಿನಲ್ಲಿ ರೌಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ ಆಟೋ ತೆಗೆದು 11 ಮಾಡಿದೆ. ರೌಟರಿನ ದೀಪಗಳು ಆರಿ ಮತ್ತೆ ಹತ್ತಿದವು. "ಈಗ ನೋಡಿ ಅಪ್ಪಾ" ಅಂದೆ. ಪಟ್ಟಿಯ ಮೊದಲನೇ ಸಾಲಿನಲ್ಲೇ ನಮ್ಮ ಮನೆಯ ಹೆಸರು ಇತ್ತು. 1, 6, 11 ಇವುಗಳಲ್ಲಿ ಯಾವುದನ್ನಾದರೂ ಹಾಕಿ. ಮೂರೂ ಎಲ್ಲ ದೇಶದ ಉಪಕರಣಕ್ಕೂ ಸಿಗುತ್ತವೆ.

ಎರಡನೇ ಕಾರಣ 5 ಗಿಗಾಹರ್ಟ್ಸ್ ಎಂಬ ಇನ್ನೊಂದು ವೈ-ಫೈ ಬ್ಯಾಂಡ್. ಹಳೇ ರೀಡರ್‌ಗಳಿಗೆ 2.4 ಮಾತ್ರ ಗೊತ್ತು. ಕಿಂಡಲ್ ಪೇಪರ್‌ವೈಟ್‌ನಲ್ಲಿ 2018ರ ಮಾದರಿಗೆ 2.4 ಮಾತ್ರ, 2021ರ ಮಾದರಿಗೆ ಎರಡೂ ಇವೆ. ರೌಟರ್‌ನಲ್ಲಿ 2.4 ಆಫ್ ಆಗಿದ್ದರೆ ಆನ್ ಮಾಡಿ. ಫೋನಿನ ಹಾಟ್‌ಸ್ಪಾಟ್ ಕಾಣದಿದ್ದರೂ ಇದೇ ಕಾರಣ ಇರಬಹುದು. ಐಫೋನ್ 12 ಮತ್ತು ಆಮೇಲಿನವುಗಳಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ ಒಳಗೆ "ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ" ಅಂತ ಒಂದು ಗುಂಡಿ ಇದೆ, ಅದನ್ನು ಒತ್ತಿ. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಬ್ಯಾಂಡ್ 2.4 ಅಂತ ಆರಿಸಿ.

ಹೆಸರು ಬರುತ್ತದೆ, ಕನೆಕ್ಟ್ ಆಗಲ್ಲ

ಪಾಸ್‌ವರ್ಡ್ ಸರಿ ಇದ್ದೂ ಒಳಗೆ ಬಿಡುತ್ತಿಲ್ಲ ಅಂದರೆ ರೌಟರ್‌ನ ಭದ್ರತೆಯ ಆಯ್ಕೆ ನೋಡಿ. ಬರೀ ಡಬ್ಲ್ಯುಪಿಎ3 ಇದ್ದರೆ ಹಳೇ ರೀಡರ್‌ಗೆ ಆಗೋದಿಲ್ಲ. ಡಬ್ಲ್ಯುಪಿಎ2 ಅಥವಾ ಎರಡೂ ಸೇರಿದ ಆಯ್ಕೆ ಮಾಡಿ.

ಜರ್ಮನಿಗೋ ನೆದರ್‌ಲ್ಯಾಂಡ್ಸ್‌ಗೋ ಓದಲು ಹೋದ ನಮ್ಮ ಮಕ್ಕಳಿಗೆ ಬರುವ ತೊಂದರೆ ಇನ್ನೊಂದು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಎಡುರೋಮ್ ಎಂಬ ವೈ-ಫೈ ಇರುತ್ತದೆ. ಅದಕ್ಕೆ ಬರೀ ಪಾಸ್‌ವರ್ಡ್ ಸಾಲದು, ಪ್ರತಿಯೊಬ್ಬರ ಬಳಕೆದಾರ ಹೆಸರೂ ಬೇಕು. ಇಂಥ ಎಂಟರ್‌ಪ್ರೈಸ್ ನೆಟ್‌ವರ್ಕ್‌ಗೆ ಕಿಂಡಲ್ ಸೇರಿಕೊಳ್ಳೋದಿಲ್ಲ. ಅದು ದೋಷ ಅಲ್ಲ, ಆ ಸೌಲಭ್ಯವೇ ಇಲ್ಲ. ಹಾಟೆಲ್, ವಿಮಾನ ನಿಲ್ದಾಣದಲ್ಲಿ ರೂಮ್ ನಂಬರ್ ಕೇಳುವ ಪುಟ ತೆರೆಯಬೇಕಾದ ಕಡೆಯೂ ರೀಡರ್ ತಡವರಿಸುತ್ತದೆ. ಎರಡಕ್ಕೂ ಪರಿಹಾರ ಫೋನಿನ ಹಾಟ್‌ಸ್ಪಾಟ್. ಒಂದು ಪುಸ್ತಕ ಇಳಿಸಿಕೊಳ್ಳಲು ಕೆಲವು ಎಂಬಿ ಸಾಕು, ಡೇಟಾ ಖರ್ಚಿನ ಚಿಂತೆ ಬೇಡ.

ಅಟ್ಟದ ಮೇಲಿಂದ ಹಳೇ 3ಜಿ ಕಿಂಡಲ್ ತೆಗೆದವರಿಗೆ ಒಂದು ಮಾತು. 2007ರ ಮೊದಲ ಕಿಂಡಲ್‌ನಲ್ಲಿ ವೈ-ಫೈಯೇ ಇರಲಿಲ್ಲ, ಮೊಬೈಲ್ ನೆಟ್‌ವರ್ಕ್ ಮಾತ್ರ. 2009ರ ಅಕ್ಟೋಬರ್‌ನಲ್ಲಿ ಭಾರತವೂ ಸೇರಿ ನೂರಕ್ಕೂ ಹೆಚ್ಚು ದೇಶಗಳಿಗೆ ಬಂದ ಎರಡನೇ ಕಿಂಡಲ್‌ಗೂ ಅಷ್ಟೇ. ಅಮೆರಿಕದ ಮೊಬೈಲ್ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದವು. ಅಲ್ಲಿ ಇವುಗಳಿಗೆ ಉಳಿದಿರೋದು ಯುಎಸ್‌ಬಿ ಕೇಬಲ್ ಒಂದೇ. ಬ್ಯಾಟರಿ ಚೆನ್ನಾಗಿದ್ದರೆ ಕೇಬಲ್ಲಿನಲ್ಲಿ ಪುಸ್ತಕ ತುಂಬಿ ಓದಬಹುದು, ಬಿಸಾಡಬೇಡಿ.

ಲಾಗಿನ್ ಆಯಿತು, ಪುಸ್ತಕಗಳೇ ಇಲ್ಲ

ಇದು ಎದೆ ಒಡೆಯುವ ದೋಷ. ವರ್ಷಗಟ್ಟಲೆ ಕೊಂಡ ಪುಸ್ತಕ ಎಲ್ಲ ಮಾಯ. ಆದರೆ ಹೆದರಬೇಡಿ, ಅವು ಎಲ್ಲೂ ಹೋಗಿರೋದಿಲ್ಲ.

ಅಮೆಜಾನ್‌ನ ಹಳೇ ಖಾತೆಗಳಲ್ಲಿ ಒಂದು ವಿಚಿತ್ರ ಇದೆ. ಅಮೆರಿಕದ ಅಂಗಡಿಗೂ ಭಾರತದ ಅಂಗಡಿಗೂ ಒಂದೇ ಇಮೇಲ್‌ನಲ್ಲಿ, ಬೇರೆ ಬೇರೆ ಪಾಸ್‌ವರ್ಡ್ ಇಟ್ಟು ಎರಡು ಖಾತೆ ಮಾಡಿಕೊಂಡವರು ತುಂಬಾ ಜನ. ಇಮೇಲ್ ಒಂದೇ ಆದ್ದರಿಂದ ಖಾತೆಯೂ ಒಂದೇ ಅಂತ ಅವರು ಅಂದುಕೊಂಡಿರುತ್ತಾರೆ. ರೀಡರ್‌ನಲ್ಲಿ ಯಾವ ಪಾಸ್‌ವರ್ಡ್ ಹಾಕುತ್ತೀರೋ ಆ ಖಾತೆ ತೆರೆಯುತ್ತದೆ. ಕಂಪ್ಯೂಟರಿನಲ್ಲಿ ಎರಡೂ ಪಾಸ್‌ವರ್ಡ್ ಹಾಕಿ ನೋಡಿ. ಪುಸ್ತಕಗಳು ಯಾವುದರಲ್ಲಿ ಕಾಣುತ್ತವೋ ಅದರಲ್ಲೇ ರೀಡರನ್ನು ನೋಂದಾಯಿಸಿ.

ಪುಸ್ತಕ ಕೊಳ್ಳುವ ಮಟ್ಟಿಗೆ ರೀಡರ್‌ಗೆ ದೇಶ ಇಲ್ಲ, ಖಾತೆಗೆ ಇದೆ. ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಅಮೆರಿಕದಲ್ಲಿ ಕೊಂಡ ಕಿಂಡಲ್ ಭಾರತದ ಖಾತೆಯಲ್ಲಿ ನಡೆಯುತ್ತದೆ. ಭಾರತದ್ದು ಅಲ್ಲಿ ನಡೆಯುತ್ತದೆ. ಪುಸ್ತಕದ ಪುಟದಲ್ಲಿ ಬೆಲೆ ಇಲ್ಲದೆ "ಈ ಪುಸ್ತಕ ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಅಂತ ಬಂದರೆ ಖಾತೆಯ ದೇಶ ಯಾವುದು ಅಂತ ನೋಡಿ. ಅಮೆಜಾನ್ ಜಾಲತಾಣದ ಕಂಟೆಂಟ್ ಮತ್ತು ಡಿವೈಸ್ ಪುಟದಲ್ಲಿ ಪ್ರಿಫರೆನ್ಸ್ ಒಳಗೆ ಕಂಟ್ರಿ ಸೆಟ್ಟಿಂಗ್ ಇದೆ. ಹೊಸ ದೇಶದ ವಿಳಾಸ ಕೊಟ್ಟು ಬದಲಾಯಿಸಬಹುದು. ಹಿಂದೆ ಕೊಂಡ ಪುಸ್ತಕ ಉಳಿಯುತ್ತವೆ. ಗಿಫ್ಟ್ ಕಾರ್ಡ್‌ನ ದುಡ್ಡು ಹಳೇ ಅಂಗಡಿಯಲ್ಲೇ ಇರುತ್ತದೆ, ಜೊತೆಗೆ ಬರೋದಿಲ್ಲ. ಕಿಂಡಲ್ ಅನ್‌ಲಿಮಿಟೆಡ್ ಚಂದಾ ಕೂಡ ಬರೋದಿಲ್ಲ. ಹಾಗಾಗಿ ಮೊದಲು ಬ್ಯಾಲೆನ್ಸ್ ಖರ್ಚು ಮಾಡಿ, ಚಂದಾ ನಿಲ್ಲಿಸಿ, ಆಮೇಲೆ ದೇಶ ಬದಲಾಯಿಸಿ.

ದೇಶ ಸರಿ ಇದ್ದೂ ಪುಸ್ತಕ ಸಿಗದಿದ್ದರೆ ಅದು ಪ್ರಕಾಶಕರ ಹಕ್ಕಿನ ವಿಷಯ. ಇಂಗ್ಲಿಷ್ ಪುಸ್ತಕಗಳ ಹಕ್ಕನ್ನು ಉತ್ತರ ಅಮೆರಿಕಕ್ಕೆ ಒಬ್ಬರಿಗೆ, ಬ್ರಿಟನ್ ಮತ್ತು ಭಾರತ ಸೇರಿದ ಕಾಮನ್‌ವೆಲ್ತ್‌ಗೆ ಇನ್ನೊಬ್ಬರಿಗೆ ಮಾರುವ ಪದ್ಧತಿ ಹಳೆಯದು. ಒಂದೇ ಪುಸ್ತಕ ಎರಡು ಕಡೆ ಬೇರೆ ಮುಖಪುಟ, ಬೇರೆ ಬೆಲೆಯಲ್ಲಿ ಬರೋದು ಅದಕ್ಕೇ. ಇದಕ್ಕೆ ಸೆಟ್ಟಿಂಗ್‌ನಲ್ಲಿ ಪರಿಹಾರ ಇಲ್ಲ. ಅದೇ ಪುಸ್ತಕದ ನಮ್ಮ ಕಡೆಯ ಆವೃತ್ತಿ ಹುಡುಕಿ.

ಒಟಿಪಿ ಇನ್ನೊಂದು ಗೋಡೆ. ವಿದೇಶಕ್ಕೆ ಹೋದ ಮೇಲೆ ಊರಿನ ಸಿಮ್ ಬಂದ್ ಆಗಿರುತ್ತದೆ, ಲಾಗಿನ್‌ನ ಒಟಿಪಿ ಆ ನಂಬರಿಗೇ ಹೋಗುತ್ತಿರುತ್ತದೆ. ಹೊರಡುವ ಮೊದಲೇ, ಸಿಮ್ ಇಲ್ಲದೆ ಫೋನಿನಲ್ಲೇ ಒಟಿಪಿ ತೋರಿಸುವ ಅಥೆಂಟಿಕೇಟರ್ ಆಪ್ ಜೋಡಿಸಿಕೊಳ್ಳಿ. ಹಳೇ ಕಿಂಡಲ್‌ಗಳಲ್ಲಿ ಒಟಿಪಿ ಹಾಕಲು ಬೇರೆ ಜಾಗವೇ ಇರೋದಿಲ್ಲ. ಅಲ್ಲಿ ಪಾಸ್‌ವರ್ಡ್ ಹೊಡೆದು, ಜಾಗ ಬಿಡದೆ ಅದರ ಬೆನ್ನಿಗೇ ಒಟಿಪಿ ಅಂಕಿಗಳನ್ನು ಸೇರಿಸಿ ಹೊಡೆಯಬೇಕು. ಇದು ಗೊತ್ತಿಲ್ಲದೆ "ಪಾಸ್‌ವರ್ಡ್ ತಪ್ಪು" ಅಂತ ಹತ್ತು ಸಲ ನೋಡಿದವರಿದ್ದಾರೆ.

ಕಾರ್ಡ್ ನಡೆಯುತ್ತಿಲ್ಲ

ಭಾರತದ ಕಾರ್ಡ್‌ನಲ್ಲಿ ವಿದೇಶಿ ಅಂಗಡಿಯಿಂದ ಕೊಳ್ಳಲು ಬ್ಯಾಂಕಿನ ಆಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿರಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಅದು ಮೊದಲಿಂದ ಆಫ್ ಇರುತ್ತದೆ. ಪ್ರತಿ ತಿಂಗಳ ಚಂದಾ ನಿಂತುಹೋದರೆ ಕಾರಣ ಬೇರೆ. 2021ರ ಅಕ್ಟೋಬರ್ 1ರಿಂದ ತಾನಾಗಿ ದುಡ್ಡು ಕಡಿತವಾಗಲು ಇ-ಮ್ಯಾಂಡೇಟ್, ಅಂದರೆ ನೀವು ಮೊದಲೇ ದಾಖಲಿಸಿದ ಒಪ್ಪಿಗೆ, ಬೇಕು. ಅದನ್ನು ಮತ್ತೆ ಮಾಡಿಕೊಡಿ, ರೀಡರ್ ಮುಟ್ಟುವುದೇ ಬೇಡ.

ಕಳಿಸಿದ ಪುಸ್ತಕ ಬಂದು ಸೇರುತ್ತಿಲ್ಲ

ಪ್ರತಿ ಕಿಂಡಲ್‌ಗೂ ಅದರದೇ ಇಮೇಲ್ ವಿಳಾಸ ಇದೆ. ಅಲ್ಲಿಗೆ ಪುಸ್ತಕ ಕಳಿಸಿದರೆ ವೈ-ಫೈಯಲ್ಲಿ ಇಳಿಯುತ್ತದೆ. ಅಕ್ಕ ಅಲ್ಲಿಂದ ಕಳಿಸಿ, ಅಪ್ಪ ಇಲ್ಲಿ ಓದುವ ಮನೆಗಳಿಗೆ ಇದು ಬಹಳ ಒಳ್ಳೆಯ ದಾರಿ. ಬರದಿದ್ದರೆ ಮೂರು ನೋಡಿ. ಕಳಿಸಿದವರ ಇಮೇಲ್ ನಿಮ್ಮ ಅಮೆಜಾನ್ ಖಾತೆಯ ಒಪ್ಪಿಗೆಯ ಪಟ್ಟಿಯಲ್ಲಿದೆಯಾ? ಇಲ್ಲದಿದ್ದರೆ ಒಳಗೆ ಬಿಡೋದಿಲ್ಲ. ಫೈಲ್ 50 ಎಂಬಿಗಿಂತ ದೊಡ್ಡದಾ? ಆಗಿದ್ದರೆ ಇಮೇಲ್ ಬಿಟ್ಟು ಅಮೆಜಾನ್‌ನ "ಸೆಂಡ್ ಟು ಕಿಂಡಲ್" ವೆಬ್ ಪುಟದಿಂದ ಕಳಿಸಿ, ಅಲ್ಲಿ 200 ಎಂಬಿವರೆಗೆ ಆಗುತ್ತದೆ. ಫೈಲ್ ಮೋಬಿ ಎಂಬ ಹಳೇ ಇ-ಪುಸ್ತಕ ರೂಪದ್ದಾ? ಮೋಬಿಯನ್ನು 2023ರಿಂದ ಹೀಗೆ ಕಳಿಸಲು ಆಗೋದಿಲ್ಲ, ಇಪಬ್ ಎಂಬ ರೂಪದಲ್ಲಿ ಕಳಿಸಿ. ಖಾತೆ ಬದಲಾಯಿಸಿದ್ದರೆ ರೀಡರ್‌ನ ಇಮೇಲ್ ವಿಳಾಸವೂ ಬದಲಾಗಿರುತ್ತದೆ ಅನ್ನೋದು ನೆನಪಿರಲಿ.

ಇಪಬ್ ಫೈಲನ್ನು ಕೇಬಲ್ ಹಾಕಿ ನೇರ ಕಿಂಡಲ್‌ಗೆ ಹಾಕಿದರೆ ಅದು ಕಾಣೋದೇ ಇಲ್ಲ. ಇಮೇಲ್‌ನಲ್ಲಿ ಕಳಿಸಿದಾಗ ದಾರಿಯಲ್ಲಿ ಅಮೆಜಾನ್ ಅದನ್ನು ತನ್ನ ರೂಪಕ್ಕೆ ಬದಲಾಯಿಸುತ್ತದೆ. ಕೇಬಲ್‌ನಲ್ಲಿ ಆ ಕೆಲಸ ನೀವೇ ಮಾಡಬೇಕು. ಅದಕ್ಕೆ ಕ್ಯಾಲಿಬರ್ ಇದೆ. ಭಾರತೀಯ ಮೂಲದ ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಉಚಿತ ತಂತ್ರಾಂಶ ಅದು. ಇ-ರೀಡರ್ ಇರುವ ಪ್ರತಿ ಮನೆಯ ಕಂಪ್ಯೂಟರಿನಲ್ಲೂ ಇರಬೇಕು ಅಂತ ನನ್ನ ಅಭಿಪ್ರಾಯ. ಅದರಲ್ಲಿ ಎಝಡ್‌ಡಬ್ಲ್ಯು3 ರೂಪಕ್ಕೆ ತಿರುಗಿಸಿ ಹಾಕಿ. ಕೊಬೊ, ಪಾಕೆಟ್‌ಬುಕ್ ರೀಡರ್‌ಗಳು ಇಪಬ್ ಅನ್ನು ನೇರವಾಗಿ ಓದುತ್ತವೆ.

ಕನ್ನಡದ ಇಪಬ್ ಕಳಿಸಿದಾಗ ಮಾತ್ರ ತಿರಸ್ಕಾರದ ಇಮೇಲ್ ಬರುತ್ತಿದ್ದರೆ ಪುಸ್ತಕದ ಮೆಟಾಡೇಟಾದಲ್ಲಿ, ಅಂದರೆ ಹೆಸರು, ಲೇಖಕರು, ಭಾಷೆ ಬರೆದಿರುವ ಫೈಲಿನ ಚೀಟಿಯಲ್ಲಿ, ಭಾಷೆ ಏನಿದೆ ನೋಡಿ. ಕಿಂಡಲ್‌ನ ಭಾಷೆಗಳ ಪಟ್ಟಿಗೆ 2016ರ ಕೊನೆಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿದವು. ಕನ್ನಡ ಸೇರಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಭಾಷೆ "ಕನ್ನಡ" ಅಂತ ಇದ್ದರೆ ಫೈಲ್ ವಾಪಸ್ ಬರುವ ಸಾಧ್ಯತೆ ಇದೆ. ಕ್ಯಾಲಿಬರ್‌ನಲ್ಲಿ ಭಾಷೆಯ ಜಾಗದಲ್ಲಿ "ಇಂಗ್ಲಿಷ್" ಅಂತ ಮಾಡಿ ಇನ್ನೊಮ್ಮೆ ಕಳಿಸಿ. ಒಳಗಿನ ಕನ್ನಡಕ್ಕೆ ಏನೂ ಆಗೋದಿಲ್ಲ, ಬದಲಾಗೋದು ಮೇಲಿನ ಚೀಟಿ ಮಾತ್ರ.

ಕನ್ನಡ ಅಕ್ಷರ ಸರಿ ಬರುತ್ತಿಲ್ಲ

"ಕನ್ನಡ ಬರಲ್ಲ" ಅಂತ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಅದರಲ್ಲಿ ಮೂರು ಬೇರೆ ಬೇರೆ ದೋಷ ಇವೆ. ಪರದೆಯನ್ನು ಹತ್ತಿರದಿಂದ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಒಂದು: ಅಕ್ಷರದ ಜಾಗದಲ್ಲಿ ಚೌಕಗಳು ಸಾಲಾಗಿ ನಿಂತಿವೆ. ಇದು ಬರೀ ಫಾಂಟ್ ಇಲ್ಲದ ದೋಷ. ನೋಟೋ ಸೆರಿಫ್ ಕನ್ನಡ, ಗುಬ್ಬಿ, ನವಿಲು ಇವೆಲ್ಲ ಉಚಿತವಾಗಿ ಸಿಗುವ ಯೂನಿಕೋಡ್ ಫಾಂಟ್‌ಗಳು. (ಎಲ್ಲ ಯಂತ್ರಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಪದ್ಧತಿಯೇ ಯೂನಿಕೋಡ್.) ಕೊಬೊದಲ್ಲಿ "ಫಾಂಟ್ಸ್" ಅಂತ ಫೋಲ್ಡರ್ ಮಾಡಿ ಅದರೊಳಗೆ ಹಾಕಿ. ಕಿಂಡಲ್‌ನಲ್ಲಿ 2018ರಿಂದ ಅಂಥದ್ದೇ ಫೋಲ್ಡರ್ ಇದೆ. ಆಮೇಲೆ ಪುಸ್ತಕ ತೆರೆದು ಫಾಂಟ್ ಪಟ್ಟಿಯಿಂದ ಅದನ್ನು ಆರಿಸಬೇಕು. ಹಾಕಿದರೆ ಸಾಲದು, ಆರಿಸಬೇಕು.

ಎರಡು: ಚೌಕ ಇಲ್ಲ, ಆದರೆ ಕನ್ನಡವೂ ಅಲ್ಲ. "ಕನ್ನಡ" ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರುವ ಎ, ಅದರ ಪಕ್ಕ ಬ್ರಿಟನ್ನಿನ ಪೌಂಡ್ ಗುರುತು ಕಾಣುತ್ತದೆ. ಪೌಂಡ್ ಗುರುತು ಕಂಡರೆ ಅನುಮಾನವೇ ಬೇಡ, ಅದು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್. ಯೂನಿಕೋಡ್‌ಗಿಂತ ಹಿಂದಿನ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕುತ್ತಿದ್ದರು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿಬೀಳುತ್ತದೆ. ರೀಡರ್‌ಗೆ ಎಷ್ಟು ಫಾಂಟ್ ಹಾಕಿದರೂ ಇದು ಪರಿಹಾರ ಅಲ್ಲ. ಕಂಪ್ಯೂಟರಿನಲ್ಲಿ ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಬಳಸಿ, ಆಮೇಲೆ ಇಪಬ್ ಮಾಡಿ. ಪರಿವರ್ತನೆ ಆದ ಮೇಲೆ ಅಂಕಿಗಳನ್ನೂ ಇಂಗ್ಲಿಷ್ ಪದಗಳನ್ನೂ ಒಮ್ಮೆ ಕಣ್ಣಾರೆ ನೋಡಿ, ಅಲ್ಲೇ ಜಾಸ್ತಿ ತಪ್ಪು ಉಳಿಯೋದು.

ಮೂರು: ಅಕ್ಷರ ಕನ್ನಡವೇ, ಆದರೆ ಒತ್ತು ಇಳಿದಿಲ್ಲ. "ಅಮ್ಮ" ಹೋಗಿ "ಅಮ್‌ಮ" ಆಗಿದೆ. "ಕರ್ನಾಟಕ" ಹೋಗಿ "ಕರ್‌ನಾಟಕ" ಆಗಿದೆ. ಫಾಂಟ್ ಇದೆ, ಆದರೆ ಒತ್ತಕ್ಷರ ಜೋಡಿಸುವ ಬುದ್ಧಿ ಆ ಪುಸ್ತಕ ತೋರಿಸುವ ತಂತ್ರಾಂಶಕ್ಕೆ ಇಲ್ಲ. ನಾನು ಪರೀಕ್ಷೆಗೆ ಒಂದು ಸಣ್ಣ ಫೈಲ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ನಾಲ್ಕೇ ಪದ: ಅಮ್ಮ, ಸೂರ್ಯ, ರಾಷ್ಟ್ರ, ಸ್ತ್ರೀ. "ಅಮ್ಮ"ನಲ್ಲಿ ಸರಳ ಒತ್ತು. "ಸೂರ್ಯ"ದಲ್ಲಿ ಅರ್ಕಾವೊತ್ತು ಪಕ್ಕಕ್ಕೆ ಬರಬೇಕು. "ರಾಷ್ಟ್ರ", "ಸ್ತ್ರೀ"ಗಳಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. ನಾಲ್ಕೂ ಸರಿ ಬಂದರೆ ಆ ರೀಡರ್‌ನಲ್ಲಿ ನೆಮ್ಮದಿಯಾಗಿ ಕನ್ನಡ ಓದಬಹುದು. ಅಂಗಡಿಯಲ್ಲಿ ಕೊಳ್ಳುವ ಮೊದಲು ಈ ಫೈಲ್ ಹಾಕಿ ತೋರಿಸಿ ಅಂತ ಕೇಳಿ. ಕೇಳೋದರಲ್ಲಿ ನಾಚಿಕೆ ಏನೂ ಇಲ್ಲ.

ಒತ್ತು ಒಡೆದರೆ ಏನು ಮಾಡೋದು? ಕೊಬೊದಲ್ಲಿ ಇಪಬ್‌ಗೆ ಒಂದು ತಂತ್ರಾಂಶ, ಅದರದೇ ಕೆಪಬ್ ರೂಪಕ್ಕೆ ಬೇರೆ ತಂತ್ರಾಂಶ ಕೆಲಸ ಮಾಡುತ್ತದೆ. ಕ್ಯಾಲಿಬರ್‌ನಲ್ಲಿ ಕೆಪಬ್ ಮಾಡಿ ಹಾಕಿ ನೋಡಿ. ಅದೂ ಆಗದಿದ್ದರೆ ಕೊರೀಡರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದು ಹಾರ್ಫ್‌ಬಜ್ ಬಳಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಒತ್ತು ಜೋಡಿಸೋದೂ ಅದೇ. ಕಿಂಡಲ್‌ಗಾದರೆ ಕ್ಯಾಲಿಬರ್‌ನಲ್ಲಿ ಬದಲಾಯಿಸುವಾಗ ಫಾಂಟನ್ನು ಪುಸ್ತಕದ ಒಳಗೇ ಸೇರಿಸಿ, ರೀಡರ್‌ನಲ್ಲಿ "ಪಬ್ಲಿಷರ್ ಫಾಂಟ್" ಆರಿಸಿ, ಅದೇ ನಾಲ್ಕು ಪದ ಇನ್ನೊಮ್ಮೆ ನೋಡಿ.

ಪರೀಕ್ಷೆಗೆ ಒಳ್ಳೆಯ ಪುಸ್ತಕ ಬೇಕಿದ್ದರೆ ಕನ್ನಡ ವಿಕಿಸೋರ್ಸ್‌ನಿಂದ ಇಪಬ್ ಇಳಿಸಿಕೊಳ್ಳಿ. ಅಲ್ಲಿರೋದು ಯೂನಿಕೋಡ್ ಪಠ್ಯ, ಹಾಗಾಗಿ ಎರಡನೇ ದೋಷದ ಗೊಂದಲ ಇರೋದಿಲ್ಲ. ಮೈಲ್ಯಾಂಗ್ ಥರದ ಕನ್ನಡ ಪುಸ್ತಕದ ಆಪ್‌ಗಳಲ್ಲಿ ಕೊಂಡಿದ್ದನ್ನು ಕಿಂಡಲ್‌ನಲ್ಲೋ ಕೊಬೊದಲ್ಲೋ ತೆರೆಯಲು ಆಗೋದಿಲ್ಲ. ಅದಕ್ಕೆ ಆಂಡ್ರಾಯ್ಡ್ ಇರುವ ಇ-ಇಂಕ್ ರೀಡರ್ ಬೇಕು. ಹೆಚ್ಚಾಗಿ ಕನ್ನಡವನ್ನೇ ಓದುವವರು ಹೊಸದು ಕೊಳ್ಳುತ್ತಿದ್ದರೆ ನಾನು ಅದನ್ನೇ ಹೇಳೋದು.

ಗ್ರಂಥಾಲಯದ ಪುಸ್ತಕ ಬರುತ್ತಿಲ್ಲ

ಲಿಬ್ಬಿ ಆಪ್‌ನಲ್ಲಿ ಎರವಲು ಪಡೆದ ಪುಸ್ತಕವನ್ನು ಕಿಂಡಲ್‌ಗೆ ಕಳಿಸುವ ಸೌಲಭ್ಯ ಅಮೆರಿಕದ ಗ್ರಂಥಾಲಯಗಳಿಗೆ ಮಾತ್ರ ಇದೆ. ಟೊರಾಂಟೊದಲ್ಲೋ ಲಂಡನ್‌ನಲ್ಲೋ ಇರುವವರಿಗೆ ಆ ಗುಂಡಿಯೇ ಕಾಣೋದಿಲ್ಲ. ಅಲ್ಲಿ ಗ್ರಂಥಾಲಯಕ್ಕಾಗಿ ಕೊಳ್ಳುವವರು ಕೊಬೊ ನೋಡಿ. ಟೊರಾಂಟೊದಲ್ಲೇ 2009ರಲ್ಲಿ ಹುಟ್ಟಿದ ಕಂಪನಿ ಅದು, ರೀಡರ್‌ನೊಳಗೇ ಗ್ರಂಥಾಲಯದ ಇ-ಪುಸ್ತಕ ಎರವಲು ಕೊಡುವ ಓವರ್‌ಡ್ರೈವ್ ಸೇವೆ ಸೇರಿಸಿದೆ.

ಇಷ್ಟಾದರೂ ಸರಿಹೋಗದಿದ್ದರೆ

ಯಂತ್ರ ನಿಜವಾಗಿ ಕೆಟ್ಟಿದೆ ಅಂತ ಆದರೆ ಬಿಲ್ ಹುಡುಕಿ. ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಸೇರಿದ್ದು. ತಂದವರು ರಜೆ ಮುಗಿಸಿ ವಾಪಸ್ ಹೋಗುವುದರೊಳಗೆ ಈ ಪರೀಕ್ಷೆಗಳನ್ನೆಲ್ಲ ಮಾಡಿಬಿಡಿ. ಅವರ ಕೈಯಲ್ಲೇ ಕಳಿಸಿದರೆ ಅಲ್ಲಿ ಬದಲಾಯಿಸಿಕೊಳ್ಳಬಹುದು. ಕೊರಿಯರ್‌ನಲ್ಲಿ ಕಳಿಸಲು ಒಳಗಿನ ಲಿಥಿಯಂ ಬ್ಯಾಟರಿ ತೊಡಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕೊಡುವ ಮೊದಲೇ ಅಲ್ಲೇ ಕೂತು ನೋಂದಣಿ ಮಾಡಿ ನೋಡಿ. ಹಿಂದಿನವರು ತಮ್ಮ ಖಾತೆಯಿಂದ ತೆಗೆದಿರಬೇಕು. ಕಳೆದುಹೋಗಿದೆ ಅಂತ ದೂರು ದಾಖಲಾದ ಕಿಂಡಲ್ ಯಾವ ಖಾತೆಗೂ ಸೇರೋದಿಲ್ಲ. ಚೀನಾದ ಖಾತೆಗೆ ಸೇರಿದ ಕಿಂಡಲ್ ಆದರೆ, ಅಲ್ಲಿನ ಪುಸ್ತಕದ ಅಂಗಡಿ 2023ರ ಜೂನ್ 30ಕ್ಕೆ ಮುಚ್ಚಿದೆ, ಕೊಂಡ ಪುಸ್ತಕ ಇಳಿಸಿಕೊಳ್ಳುವ ಅವಕಾಶ ಇನ್ನೊಂದು ವರ್ಷಕ್ಕೆ ಮುಗಿದಿದೆ. "ಇದರೊಳಗೆ ಸಾವಿರ ಪುಸ್ತಕ ಇದೆ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ನಿಮ್ಮ ಖಾತೆ ಹಾಕಿ, ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ಒಂದು ಪುಸ್ತಕ ಇಳಿಸಿ, ಹತ್ತು ಪುಟ ತಿರುಗಿಸಿ. ಪರದೆಯ ನಾಲ್ಕೂ ಮೂಲೆ ಬದಲಾಗುತ್ತಿವೆಯಾ ಅಂತ ನೋಡಿಕೊಂಡು ಆಮೇಲೆ ದುಡ್ಡು ಕೊಡಿ.